ನಮ್ಮ ಹೆಸರಿನ ಮುಂದಿನ ಬ್ರಾಕೆಟ್ಟು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ವರ್ಣಭೇದ ಅಂದರೆ ಅಮೆರಿಕದವರ, ದಕ್ಷಿಣ ಆಫ್ರಿಕಾದವರ ಕಥೆ, ನಮ್ಮಲ್ಲಿ ಜಾತಿ ಇರಬಹುದು, ಆದರೆ ಮೈಬಣ್ಣ, ಕೂದಲು ನೋಡಿ ಯಾರನ್ನೂ ಬೇರೆ ಇಟ್ಟವರಲ್ಲ ನಾವು ಎಂದು ಬರೆದಿದ್ದರು. ಮಧ್ಯಾಹ್ನ ಅಂಗನವಾಡಿಯಲ್ಲಿ ಮಕ್ಕಳು ಮಲಗಿದ ಹೊತ್ತಿಗೆ ಅದನ್ನು ಓದಿದೆ. ಸಿಟ್ಟೇನೂ ಬರಲಿಲ್ಲ. ನಗು ಬಂತು. ನಾನು ನಕ್ಕಿದ್ದಕ್ಕೆ ಒಂದು ಮಗು ಎದ್ದೂ ಬಿಟ್ಟಿತು.

ನಾನು ಸಿದ್ದಿ. ಊರು ಯಲ್ಲಾಪುರ ತಾಲೂಕಿನಲ್ಲಿ, ವಯಸ್ಸು ಐವತ್ತೆರಡು. ಇಪ್ಪತ್ತಾರು ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ಮಕ್ಕಳಿಗೆ ಹಾಡು ಹೇಳಿಕೊಡುವುದಕ್ಕಿಂತ ರಿಜಿಸ್ಟರು, ಫಾರಂ ತುಂಬುವುದೇ ಜಾಸ್ತಿ. ಹಾಗಾಗಿ ನಾನು ಹೇಳುವುದೂ ಫಾರಂಗಳ ಕಥೆಯೇ.

ನಮ್ಮನ್ನು ನೋಡಿರದ ಓದುಗರಿಗೆ ಎರಡು ಮಾತು. ನಮ್ಮ ಹಿರಿಯರನ್ನು ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತಂದರು. ಈ ಕಡೆಯ ನಮ್ಮ ಜನರಲ್ಲಿ ಹೆಚ್ಚಿನವರು ಗೋವೆಯ ಪೋರ್ಚುಗೀಸರ ಗುಲಾಮರಾಗಿದ್ದವರ ಸಂತಾನ. ತಪ್ಪಿಸಿಕೊಂಡವರು, ಬಿಡುಗಡೆ ಆದವರು ಘಟ್ಟ ಹತ್ತಿ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಆಚೆ ಕಡೆ ಖಾನಾಪುರ, ಕಲಘಟಗಿ, ಹೀಗೆ ಹರಡಿದ್ದೇವೆ. ನಮ್ಮಲ್ಲಿ ಹಿಂದೂಗಳಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಯಲ್ಲಿ ಕನ್ನಡ ಆಡುವವರೂ ಇದ್ದಾರೆ, ಕೊಂಕಣಿ, ಮರಾಠಿ, ಉರ್ದು ಆಡುವವರೂ ಇದ್ದಾರೆ. ಸಿದ್ದಿಗಳೆಲ್ಲ ಕಾಡಿನಲ್ಲೇ ಇದ್ದವರೂ ಅಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಬಂದ ಮಲಿಕ್ ಅಂಬರ್ ಕೊನೆಗೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಇದನ್ನು ಶಾಲೆಯಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ. ನನ್ನ ಮಗ ಮೊಬೈಲಿನಲ್ಲಿ ಓದಿ ಹೇಳಿದ.

ಈ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಕ್ರಿಸ್ ಗೇಲ್ ಆರ್‌ಸಿಬಿಗೆ ಆಡುತ್ತಿದ್ದ ಕಾಲ ಅದು. ಐಪಿಎಲ್ ಶುರುವಾದರೆ ಇವನಿಗೆ ಎಲ್ಲಿಲ್ಲದ ಮರ್ಯಾದೆ. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆಸಿಕೊಳ್ಳುವವರು, 'ಗೇಲಣ್ಣ' ಅನ್ನುವವರು. ಅವನಿಗೂ ಖುಷಿಯೇ. ಆದರೆ 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಸ್ಥಳೀಯ ಮಹಿಳೆಯೊಬ್ಬರಿಗೆ ಬಡಿದು ಅವರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ತಾಂಜಾನಿಯಾದ ಒಬ್ಬಳು ವಿದ್ಯಾರ್ಥಿನಿ ಬಂದಳು. ಆ ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಜನ ಅವಳನ್ನು ಎಳೆದು ಹೊಡೆದರು, ಕಾರಿಗೆ ಬೆಂಕಿ ಹಚ್ಚಿದರು. ದೇಶಕ್ಕೆಲ್ಲ ಗೊತ್ತಾದ ಸುದ್ದಿ ಅದು. ಆ ವಾರ ಪೂರ್ತಿ ನಾನು ಮಗನಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿ ರೂಮು ಬಿಟ್ಟು ಹೊರಗೆ ಹೋಗಬೇಡ ಅಂತ ಹೇಳುತ್ತಿದ್ದೆ. 'ಆಯಿ, ನಂಗೆ ಕನ್ನಡ ಬರ್ತದಲ್ಲ' ಅಂದ ಅವನು. ಹೊಡೆಯುವವರು ಮೊದಲು ಮಾತಾಡಿಸಿ ಆಮೇಲೆ ಹೊಡೀತಾರಾ?

ಇರಲಿ. ಇದು ಬೀದಿಯ ವಿಷಯ, ಬೀದಿಯಲ್ಲಿ ಒಳ್ಳೆಯವರೂ ಸಿಗುತ್ತಾರೆ. ಕರಿಯ ಅಂದವನು ನಾಳೆ ಚಹಾ ಕುಡಿಸಿಯಾನು. ಆದರೆ ಯಾರೂ ಬೈಯದೆ, ಯಾರೂ ಹೊಡೆಯದೆ, ಕುರ್ಚಿ ಕೊಟ್ಟು ಕೂರಿಸಿ, ನೀರು ಕೊಟ್ಟು ಮಾಡುವ ಭೇದ ಒಂದಿದೆ. ಪತ್ರ ಬರೆದವರಿಗೆ ಅದು ಕಾಣುವುದು ಕಷ್ಟ. ಯಾಕೆಂದರೆ ಅದು ಇರುವುದು ಸರ್ಕಾರದ ಪಟ್ಟಿಯಲ್ಲಿ, ಒಂದು ಬ್ರಾಕೆಟ್ಟಿನ ಒಳಗೆ.

ಪರಿಶಿಷ್ಟ ಪಂಗಡಗಳ ಪಟ್ಟಿ ಹೊರಟದ್ದು 1950ರಲ್ಲಿ. ಗುಜರಾತಿನ ಸಿದ್ದಿಗಳ ಹೆಸರು ಆ ದಶಕದಲ್ಲೇ ಸೇರಿತು, ಅದೂ ಜುನಾಗಢ, ಜಾಮ್‌ನಗರದಂಥ ಕೆಲವು ಜಿಲ್ಲೆಗಳವರಿಗೆ ಮಾತ್ರ. ಕರ್ನಾಟಕದಲ್ಲಿ ನಮ್ಮ ಸರದಿ ಬಂದದ್ದು 2003ರಲ್ಲಿ. ನಾವು ಎಲ್ಲೋ ಅಡಗಿ ಕೂತಿದ್ದೆವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅನ್ನಬೇಡಿ. 1987ರಲ್ಲಿ ನಾನು ಹದಿನಾಲ್ಕರ ಹುಡುಗಿ. ಕೇಂದ್ರದ ಒಂದು ಕ್ರೀಡಾ ಯೋಜನೆಯವರು ನಮ್ಮ ಕಡೆಯ ಊರುಗಳಿಗೆ ಬಂದರು. ಮಕ್ಕಳನ್ನು ಓಡಿಸಿದರು, ಹಾರಿಸಿದರು, ಎತ್ತರ ಅಳೆದರು. ಇವರದ್ದು ಆಫ್ರಿಕಾದ ರಕ್ತ, ತಯಾರು ಮಾಡಿದರೆ ದೇಶಕ್ಕೆ ಒಲಿಂಪಿಕ್ಸ್ ಪದಕ ತರುತ್ತಾರೆ ಅನ್ನುವುದು ಲೆಕ್ಕ. ನನ್ನ ದೊಡ್ಡಪ್ಪನ ಮಗ ಆಯ್ಕೆಯಾಗಿ ಹಾಸ್ಟೆಲಿಗೆ ಹೋದ. ಮೊದಲ ಸಲ ಬೂಟು ಹಾಕಿಕೊಂಡು ಊರಿಗೆ ಬಂದಾಗ ಇಡೀ ಕೇರಿ ಆ ಬೂಟನ್ನು ಮುಟ್ಟಿ ನೋಡಿತು. 1993ರಲ್ಲಿ ಯೋಜನೆ ನಿಂತಿತು. ಅವನು ವಾಪಸ್ ಬಂದ. ಬೂಟು ಎಷ್ಟೋ ವರ್ಷ ಅಟ್ಟದ ಮೇಲಿತ್ತು, ಇಲಿ ಮರಿ ಹಾಕಿತ್ತು ಅದರಲ್ಲಿ.

ಅಂದರೆ ಪದಕದ ಆಸೆ ಹುಟ್ಟಿದಾಗ ನಾವು ಬೇರೆ ಜನ, ಬೇರೆ ರಕ್ತ ಅನ್ನುವುದು ದಿಲ್ಲಿಗೂ ಗೊತ್ತಿತ್ತು. ಪಟ್ಟಿಗೆ ಅದು ಗೊತ್ತಾಗಲು ಇನ್ನೂ ಹದಿನಾರು ವರ್ಷ ಬೇಕಾಯಿತು.

2003ರಲ್ಲಿ ಸುದ್ದಿ ಬಂದಾಗ ನಾವು ಬೆಲ್ಲ, ಕಾಯಿ ಹಂಚಿದೆವು. ತಂಗಿಯ ಮನೆಗೂ ಹೇಳಿ ಕಳಿಸಿದೆ. ಅವಳನ್ನು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಡೆ ಕೊಟ್ಟಿದ್ದೇವೆ. ಅವಳೂ ಅಲ್ಲಿ ಬೆಲ್ಲ ಹಂಚಿದಳು. ಪಟ್ಟಿಯಲ್ಲಿ 'ಸಿದ್ದಿ' ಅಂತ ಬರೆದು ಮುಂದೆ ಬ್ರಾಕೆಟ್ ಹಾಕಿ 'ಉತ್ತರ ಕನ್ನಡ ಜಿಲ್ಲೆಯಲ್ಲಿ' ಅಂತ ಸೇರಿಸಿದ್ದಾರೆ ಅನ್ನುವುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ತಂಗಿಯ ಊರಿನಿಂದ ಉತ್ತರ ಕನ್ನಡದ ಗಡಿ ಎಷ್ಟು ದೂರ ಅಂದರೆ, ಅವಳ ಕೋಳಿಗಳು ಒಮ್ಮೊಮ್ಮೆ ಹಳ್ಳ ದಾಟಿ ಈಚೆ ಮೇಯಲು ಬರುತ್ತವೆ.

ಅದು ಗೊತ್ತಾದದ್ದು 2014ರಲ್ಲಿ. ತಂಗಿಯ ಮಗ ಎಸ್ಎಸ್ಎಲ್‌ಸಿ ಪಾಸಾಗಿದ್ದ. ಜಾತಿ ಪ್ರಮಾಣಪತ್ರ ಬೇಕು ಅಂತ ಬೆಳಗಾವಿ ಜಿಲ್ಲೆಯ ಒಂದು ಕಚೇರಿಗೆ ಹೋದೆವು. ಫಾರಂ ತುಂಬುವುದರಲ್ಲಿ ನಾನು ಹುಷಾರು ಅಂತ ತಂಗಿ ನನ್ನನ್ನೂ ಕರೆಸಿಕೊಂಡಿದ್ದಳು. ಗುಮಾಸ್ತರು ಒಳ್ಳೆಯ ಮನುಷ್ಯ. ಕೂರಿಸಿದರು, ಫಾರಂ ನೋಡಿದರು, ಹುಡುಗನ ಮುಖ ನೋಡಿದರು, ಅವನ ಗುಂಗುರು ಕೂದಲನ್ನೂ ನೋಡಿದರು.

'ನೋಡಿದ್ರ ಗೊತ್ತಾಗ್ತದ್ರಿ, ಸಿದ್ದಿ ಮಂದಿ ಅಂತ. ಆದ್ರ ನಮ್ಮ ಜಿಲ್ಲೆದಾಗ ಸಿದ್ದಿ ಎಸ್‌ಟಿ ಅಲ್ರಿ' ಅಂದರು.

ನಾನು ನನ್ನ ಮಗನ ಪ್ರಮಾಣಪತ್ರದ ಜೆರಾಕ್ಸ್ ತೋರಿಸಿದೆ. ಇವನು ನನ್ನ ಮಗ, ಅವನು ನನ್ನ ತಂಗಿಯ ಮಗ, ಅವರಪ್ಪನೂ ಸಿದ್ದಿ, ಇವರಪ್ಪನೂ ಸಿದ್ದಿ ಅಂದೆ. ಅವರು ಡ್ರಾಯರಿನಿಂದ ಪಟ್ಟಿ ತೆಗೆದು ಬ್ರಾಕೆಟ್ಟಿನ ಮೇಲೆ ಬೆರಳಿಟ್ಟು ತೋರಿಸಿದರು. ಹುಡುಗ ಬಗ್ಗಿ ಓದಿದ. ಆಮೇಲೆ ಕೇಳಿದ: 'ಹಂಗಾದ್ರ ನಾ ಯಾರ್ರಿ ಸರ?'

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಹೇಳಲಿಲ್ಲ. ಅವರದ್ದೇನು ತಪ್ಪು? ಅವರು ಇದ್ದದ್ದನ್ನು ಓದಿದರು ಅಷ್ಟೇ.

ಈ 'ತಪ್ಪು ಯಾರದ್ದೂ ಅಲ್ಲ' ಅನ್ನುವ ಮಾತು ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮಪ್ಪ ಒಬ್ಬರ ಅಡಿಕೆ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ಒಡೆಯರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಔಷಧಿ ತರಿಸಿಕೊಟ್ಟವರು, ಹಬ್ಬಕ್ಕೆ ಸೀರೆ ಕೊಟ್ಟವರು. ಅವರ ಮನೆಯ ಅಂಗಳದ ತುದಿಯಲ್ಲಿ ನಮ್ಮ ಊಟ, ಬಾಳೆಲೆ ನಾವೇ ತೆಗೆಯಬೇಕು, ಅದು ಬೇರೆ ಮಾತು.

ನಮ್ಮ ಕಡೆಯವರಿಗೆ 'ಸೊಪ್ಪಿನ ಬೆಟ್ಟ' ಅಂದರೆ ಗೊತ್ತು. ಬೇರೆಯವರಿಗಾಗಿ ಹೇಳುತ್ತೇನೆ. ಅಡಿಕೆ ತೋಟಕ್ಕೆ ಗೊಬ್ಬರ ಮಾಡಲು ಸೊಪ್ಪು, ತರಗೆಲೆ ಬೇಕು. ಅದಕ್ಕೆ ಬ್ರಿಟಿಷರ ಕಾಲದಿಂದಲೂ ತೋಟ ಇದ್ದವರಿಗೆ ಪಕ್ಕದ ಕಾಡನ್ನು ಸೊಪ್ಪಿನ ಬೆಟ್ಟ ಅಂತ ಬಿಟ್ಟುಕೊಟ್ಟಿದ್ದಾರೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ತನಕ ಬೆಟ್ಟ. ಜಾಗ ಸರ್ಕಾರದ್ದೇ, ಸೊಪ್ಪು ಕಡಿಯುವ ಹಕ್ಕು ತೋಟದವರದ್ದು. ತೋಟಕ್ಕೆ ಬೆಟ್ಟ ಬೇಕು, ಒಪ್ಪೋಣ. ಆದರೆ ತೋಟ ಯಾರಿಗಿತ್ತು? ನಮ್ಮವರಿಗೆ ಇರಲಿಲ್ಲ. ತೋಟ ಇಲ್ಲದವನಿಗೆ ಬೆಟ್ಟವೂ ಇಲ್ಲ.

ಅಪ್ಪ ಬೆಳಿಗ್ಗೆ ಒಡೆಯರ ಬೆಟ್ಟಕ್ಕೆ ಹೋಗಿ ಮರ ಹತ್ತಿ ಸೊಪ್ಪು ಕಡಿದು ಹೊರೆ ಹೊತ್ತು ತರುತ್ತಿದ್ದರು. ಗಾರ್ಡು ಎದುರಿಗೆ ಸಿಕ್ಕರೆ 'ಏನೋ, ಎಷ್ಟು ಹೊರೆ ಆಯ್ತು?' ಅಂತ ಮಾತಾಡಿಸಿ ಹೋಗುತ್ತಿದ್ದ. ನಮಗೂ ಕಾಡಿನ ಅಂಚಿನಲ್ಲಿ ಮೂವತ್ತು ಗುಂಟೆ ಗದ್ದೆ ಇತ್ತು. ಅಜ್ಜ ಮಾಡಿದ್ದು. ಕಾಗದದಲ್ಲಿ ಅದರ ಹೆಸರು ಅತಿಕ್ರಮಣ. ಒಂದು ಸಂಜೆ ಅಪ್ಪ ಅದೇ ಕತ್ತಿಯಲ್ಲಿ ನಮ್ಮ ಗದ್ದೆಗೆ ಅಂತ ಒಂದೇ ಒಂದು ಹೊರೆ ಸೊಪ್ಪು ಕಡಿದರು. ನಾನು ಜೊತೆಗಿದ್ದೆ, ಹತ್ತು ವರ್ಷದವಳು, ಬಳ್ಳಿ ಹಿಡಿದುಕೊಂಡಿದ್ದೆ. ಗಾರ್ಡು ಬಂದ. ಬೆಳಿಗ್ಗೆ ಮಾತಾಡಿಸಿದವನೇ. ಯಾವಾಗಲೂ ಒಂದು ಕೋಳಿ ಕೊಟ್ಟರೆ ಮುಗಿಯುತ್ತಿತ್ತು. ಅವತ್ತು ಹಿಂದೆ ಮೇಲಿನ ಸಾಹೇಬರೂ ಇದ್ದರು. ಹಾಗಾಗಿ ರಸೀದಿ ಹರಿದರು, ಹದಿನೈದು ರೂಪಾಯಿ ದಂಡ. ಕತ್ತಿಯನ್ನೂ ತೆಗೆದುಕೊಂಡು ಹೋದರು.

ಮರುದಿನ ಒಡೆಯರೇ ಹೋಗಿ ಮಾತಾಡಿ ಕತ್ತಿ ಬಿಡಿಸಿಕೊಟ್ಟರು. ಕತ್ತಿ ಇಲ್ಲದೆ ಅವರ ಕೆಲಸ ನಿಲ್ಲುತ್ತಿತ್ತಲ್ಲ.

ಅಮ್ಮ ಆ ರಸೀದಿಯನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟರು. ಸರ್ಕಾರದ ಸೀಲು ಇದೆ, ಎಸೆಯಬಾರದು ಅಂತ. ಓದು ಬರದ ಅಮ್ಮನ ಆ ಹೆದರಿಕೆ ನಮ್ಮ ಮನೆ ಉಳಿಸಿತು. ಕಾಡಿನ ಜಾಗದಲ್ಲಿ ಉಳುತ್ತಿದ್ದವರಿಗೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತಲ್ಲ, ಆಗ ಗ್ರಾಮಸಭೆಯಲ್ಲಿ ದಾಖಲೆ ಏನಿದೆ ಅಂತ ಕೇಳಿದರು. ಅಪ್ಪ ತೀರಿಕೊಂಡಿದ್ದರು. ನಮ್ಮ ಹತ್ತಿರ ಇದ್ದದ್ದು ಆ ದಂಡದ ರಸೀದಿ ಒಂದೇ. ನನ್ನ ಸ್ವಂತ ಅಣ್ಣ ಅದನ್ನೇ ಅರ್ಜಿಗೆ ಲಗತ್ತಿಸಿದ. ಮೂವತ್ತು ಗುಂಟೆಯಲ್ಲಿ ಇಪ್ಪತ್ತೆರಡು ಗುಂಟೆಗೆ ಹಕ್ಕುಪತ್ರ ಬಂತು. ಉಳಿದ ಎಂಟು ಗುಂಟೆ ಜಿಪಿಎಸ್‌ನಲ್ಲಿ ಎಲ್ಲಿ ಹೋಯಿತೋ. ನಮ್ಮ ಪಕ್ಕದ ಮನೆಯವರು ಪ್ರತಿ ಸಲ ಕೋಳಿ ಕೊಟ್ಟು ಪಾರಾಗಿದ್ದರು. ಕೋಳಿಗೆ ಯಾರು ರಸೀದಿ ಕೊಡುತ್ತಾರೆ? ಅವರ ಅರ್ಜಿ ವಾಪಸ್ ಬಂತು.

ಈಗ ಬ್ರಾಕೆಟ್ಟಿಗೆ ಮತ್ತೆ ಬರುತ್ತೇನೆ. ಆ ಕಾಯ್ದೆಯಲ್ಲಿ ಎರಡು ಬಾಗಿಲು ಇವೆ. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಜಾಗದಲ್ಲಿ ಇದ್ದೆವು ಅಂತ ತೋರಿಸಿದರೆ ಆಯಿತು. ಬೇರೆಯವರಾದರೆ ಅದಕ್ಕೂ ಹಿಂದೆ ಮೂರು ತಲೆಮಾರು ಕಾಡನ್ನು ನಂಬಿ ಅಲ್ಲೇ ಇದ್ದವರು ಅಂತ ತೋರಿಸಬೇಕು. ಒಂದು ತಲೆಮಾರಿಗೆ ಇಪ್ಪತ್ತೈದು ವರ್ಷದ ಲೆಕ್ಕ, ಒಟ್ಟು ಎಪ್ಪತ್ತೈದು. ಅಣ್ಣ ಮೊದಲ ಬಾಗಿಲಲ್ಲಿ ಹೋದ. ತಂಗಿಯ ಗಂಡ ಸಿದ್ದಿಯೇ, ಕಾಡಿನಲ್ಲೇ ಹುಟ್ಟಿದವನು, ಆದರೆ ಹಳ್ಳದ ಆಚೆ ಇದ್ದುದಕ್ಕೆ ಎರಡನೇ ಬಾಗಿಲಿಗೆ ಹೋಗು ಅಂದರು. ಲೆಕ್ಕ ಹಾಕಿ ನೋಡಿ, 1930ರ ಕಾಗದ ಬೇಕು ಅವನಿಗೆ. ಬೊಂಬಾಯಿ ಪ್ರಾಂತ್ಯದ ಕಾಲದ್ದು.

ಅವನ ಅಜ್ಜ 1930ರಲ್ಲಿ ಆ ಕಾಡಿನಲ್ಲಿದ್ದ ಅಂತ ಯಾರು ಬರೆದಿಟ್ಟಿದ್ದಾರೆ? ನಮ್ಮ ಹಿರಿಯರನ್ನು ಒಂದೇ ಒಂದು ಸಲ ಸರಿಯಾಗಿ ಬರೆದುಕೊಂಡದ್ದು ಹಡಗಿನವರು, ಮಾಲು ಅಂತ. ಆ ಲೆಕ್ಕದಿಂದ ತಪ್ಪಿಸಿಕೊಂಡವರು ಮತ್ತೆ ಯಾರ ಪುಸ್ತಕಕ್ಕೂ ಸಿಗಬಾರದು ಅಂತಲೇ ಕಾಡಿನ ಒಳಗೆ ಒಳಗೆ ಹೋದದ್ದು. ಅವರ ಮೊಮ್ಮಕ್ಕಳನ್ನು ಕೂರಿಸಿಕೊಂಡು, ನಿಮ್ಮ ಅಜ್ಜನ ಹೆಸರು ಯಾವ ಪುಸ್ತಕದಲ್ಲಿದೆ ಅಂತ ಕೇಳುತ್ತಾರೆ.

ಪತ್ರ ಬರೆದ ಹಿರಿಯರೇ, ನಿಮ್ಮನ್ನು ಯಾರಾದರೂ ಎಪ್ಪತ್ತೈದು ವರ್ಷದ ಹಿಂದಿನ ಕಾಗದ ಕೇಳಿದರೆ ಬಹುಶಃ ಮನೆಯಲ್ಲಿ ಸಿಗುತ್ತದೆ. ಪಹಣಿ, ಮಠದ ಲೆಕ್ಕ, ಅಜ್ಜನ ಶಾಲೆಯ ಸರ್ಟಿಫಿಕೇಟು, ಏನೋ ಒಂದು. ತೋಟದವರಿಗೆ ಸೊಪ್ಪಿನ ಬೆಟ್ಟದ ಹಕ್ಕಿಗೆ ಧಕ್ಕೆ ಅನ್ನಿಸಿದರೆ ಅರ್ಜಿ ಬರೆಯುವವರು ಮನೆಯಲ್ಲೇ ಇದ್ದಾರೆ, ಸಂಘ ಇದೆ, ಊರಿಗೊಬ್ಬ ವಕೀಲ ಇದ್ದಾನೆ, ಫೋನ್ ಮಾಡಿದರೆ ಶಾಸಕರು ಎತ್ತುತ್ತಾರೆ. ನನ್ನ ಅಪ್ಪನ ಕಾಲದಲ್ಲಿ ನಮ್ಮ ಕೇರಿಯಲ್ಲಿ ಸಹಿ ಹಾಕಲು ಬರುವವರು ಒಬ್ಬರೂ ಇರಲಿಲ್ಲ. ಹಾಗಾದರೆ ಕಾಯ್ದೆ ಬರೆಯುವಾಗ, ಪಟ್ಟಿ ಮಾಡುವಾಗ ಯಾರ ಮನೆಯ ಕಪಾಟು ಕಣ್ಣ ಮುಂದೆ ಬಂದಿರುತ್ತದೆ ನೀವೇ ಹೇಳಿ. ನಮ್ಮ ಮೇಲೆ ದ್ವೇಷ ಇಟ್ಟುಕೊಂಡು ಮಾಡಿದ್ದಾರೆ ಅಂತ ನಾನು ಅನ್ನುವುದಿಲ್ಲ. ನಾವು ನೆನಪೇ ಆಗಿರುವುದಿಲ್ಲ. ಓಟದ ಸ್ಪರ್ಧೆ ಇದ್ದರೆ ಮಾತ್ರ ನೆನಪಾಗುತ್ತೇವೆ. ಸಿನಿಮಾದವರಿಗೆ ಆಫ್ರಿಕಾದ ರೌಡಿ ಬೇಕಾದಾಗಲೂ ನೆನಪಾಗುತ್ತೇವೆ, ಸುಳ್ಳು ಹೇಳಬಾರದು.

2020ರಲ್ಲಿ ಸಂಸತ್ತು ಪಟ್ಟಿಯನ್ನು ತಿದ್ದಿತು. ಬ್ರಾಕೆಟ್ಟಿನ ಒಳಗೆ ಬೆಳಗಾವಿ, ಧಾರವಾಡ ಜಿಲ್ಲೆಗಳೂ ಸೇರಿದವು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಆದರು. ನಮ್ಮವರೊಬ್ಬರು ವಿಧಾನಸೌಧದ ಒಳಗೆ ಹೋದದ್ದನ್ನು ಟಿವಿಯಲ್ಲಿ ನೋಡಿ ಅಮ್ಮ ಅತ್ತರು. ಪಕ್ಷ ಯಾವುದು ಅಂತ ಅವರು ಕೇಳಲೂ ಇಲ್ಲ. ಚುನಾವಣೆಗೆ ನಿಂತು ಗೆಲ್ಲುವಷ್ಟು ಜನ ನಾವು ಯಾವ ಕ್ಷೇತ್ರದಲ್ಲೂ ಇಲ್ಲ ನೋಡಿ, ನಾಲ್ಕಾರು ತಾಲೂಕಿಗೆ ಚದುರಿ ಹೋಗಿದ್ದೇವೆ. ಹಾಗಾಗಿ ಯಾರಾದರೂ ಕರೆದು ಕೂರಿಸಿದರೇ ಉಂಟು.

ಬ್ರಾಕೆಟ್ಟು ದೊಡ್ಡದಾಯಿತು, ಹೋಗಲಿಲ್ಲ. ಈಗ ಮೂರು ಜಿಲ್ಲೆ. 2003ರಿಂದ 2020ರ ನಡುವಿನ ಹದಿನೇಳು ವರ್ಷ ತಂಗಿಯ ಮಗನಿಗೆ ಯಾರೂ ತಿರುಗಿ ಕೊಡುವುದಿಲ್ಲ. ಕಚೇರಿಯಲ್ಲಿ ಪ್ರಶ್ನೆ ಕೇಳಿದ ಹುಡುಗ ಆ ವರ್ಷವೇ ಕಾಲೇಜು ಆಸೆ ಬಿಟ್ಟು ಗೋವೆಗೆ ಹೋದ. ಅಲ್ಲಿ ಹೋಟೆಲಿನಲ್ಲಿ ಕೆಲಸ ಮಾಡುತ್ತಾನೆ. ಪ್ರವಾಸಿಗರು ಅವನನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ಯಾವ ದೇಶ ಅಂತ ಕೇಳುತ್ತಾರಂತೆ. ಮುನ್ನೂರು ನಾನೂರು ವರ್ಷದ ಹಿಂದೆ ನಮ್ಮವರು ಓಡಿ ಬಂದ ಊರಿಗೇ ಅವನು ಕೆಲಸ ಹುಡುಕಿಕೊಂಡು ಹೋದ ಅಂತ ಒಮ್ಮೆ ತಮಾಷೆಗೆ ಅಂದೆ. ತಂಗಿ ನಗಲಿಲ್ಲ.

ಅವಳ ಗಂಡ ಜಮೀನಿಗೆ ಮತ್ತೆ ಅರ್ಜಿ ಹಾಕುತ್ತಿದ್ದಾನೆ. ಈಗ ಅವನಿಗೂ ಮೊದಲ ಬಾಗಿಲು ಉಂಟು. ಕಾಗದ ಇಲ್ಲದಿದ್ದರೆ ಊರಿನ ಹಿರಿಯರ ಹೇಳಿಕೆಯನ್ನು ಬರೆದು ಲಗತ್ತಿಸಬಹುದು ಅಂತ ನಿಯಮ ಇದೆ. ಇದನ್ನು ಹೇಳುವವರು ಕಡಿಮೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅರ್ಜಿ ತಿರಸ್ಕಾರ ಆದವರು ಯಾರಾದರೂ ಓದುತ್ತಿದ್ದರೆ ಕೇಳಿ ತಿಳಿದುಕೊಳ್ಳಿ. ತಂಗಿಯ ಅತ್ತೆ ಇದ್ದಾರೆ. ಆಧಾರ್ ಕಾರ್ಡಿನ ಪ್ರಕಾರ ಹುಟ್ಟಿದ್ದು 1950ರ ಜನವರಿ 1ಕ್ಕೆ. ನಮ್ಮ ಕಡೆ ಮುದುಕರೆಲ್ಲ ಜನವರಿ 1ಕ್ಕೇ ಹುಟ್ಟಿದ್ದಾರೆ, ಕಾರ್ಡು ಮಾಡುವವನಿಗೆ ಬೇರೆ ತಾರೀಕು ಸಿಗಲಿಲ್ಲ. ಗದ್ದೆಯ ಬದಿಯ ಹಲಸಿನ ಮರ ತನ್ನ ಮಾವ ನೆಟ್ಟದ್ದು, ತಾನು ಮದುವೆಯಾಗಿ ಬಂದಾಗಲೇ ಕಾಯಿ ಬಿಡುತ್ತಿತ್ತು ಅನ್ನುತ್ತಾರೆ ಅವರು. ಅದನ್ನು ಬರೆದುಕೊಳ್ಳಲು ಭಾನುವಾರ ನಾನೇ ಹೋಗುತ್ತಿದ್ದೇನೆ. ಅವರದ್ದು ಹೆಬ್ಬೆಟ್ಟು. ಅಂಗನವಾಡಿಯ ಇಂಕ್ ಪ್ಯಾಡು ಒಣಗಿ ಹೋಗಿತ್ತು, ನಿನ್ನೆ ಸಂತೆಗೆ ಹೋದಾಗ ಹೊಸದು ತಂದಿದ್ದೇನೆ.

ಇತಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ
ಯಲ್ಲಾಪುರ ತಾಲೂಕು, ಉತ್ತರ ಕನ್ನಡ

(ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ, ನನ್ನದು ಗೌರವಧನದ ಕೆಲಸ.)